ಪ್ರಿಮಿತಿವಾಳ ಕಲ್ಲಿನ ಸಾರು

ಬೆಳ್ಳಿ ಬೆಟ್ಟದ ಬುಡದ ನಮ್ಮ ಪೊಟೊಸಿಯಲ್ಲಿ ಮನೆಯ ಗೋಡೆಗೆ ಸುಣ್ಣ ಬಳಿಯಲು ಗತಿಯಿಲ್ಲದವನೂ ತಾನು ಯಾರೋ ಸ್ಪೇನಿನ ಶ್ರೀಮಂತನ ಮರಿಮೊಮ್ಮಗ ಎಂದೇ ಹೇಳಿಕೊಳ್ಳುತ್ತಾನೆ. ಒಂದು ಕಾಲದಲ್ಲಿ ಹಬ್ಬದ ಮೆರವಣಿಗೆಗೆ ಇಲ್ಲಿನ ಬೀದಿಗಳಲ್ಲಿ ಬೆಳ್ಳಿಯ ಗಟ್ಟಿಗಳನ್ನು ಹಾಸುತ್ತಿದ್ದರಂತೆ. ಇರಬಹುದು. ಈಗ ಅದೇ ಬೀದಿಯ ಕಲ್ಲುಗಳು ಕಿತ್ತುಬಂದು, ನಾನು ಆಗಾಗ ಎಡವಿ ಯಾವನಾದರೊಬ್ಬ ಸಂತನ ಹೆಸರು ಹಿಡಿದು ಬೈಯುತ್ತೇನೆ. ಬೈಯಲು ಸಂತರಿಗೇನೂ ಬರವಿಲ್ಲ. ಒಂದೊಂದು ತಿರುವಿಗೂ ಒಂದೊಂದು ಇಗರ್ಜಿಯಿದೆ. ಹಿಂದಿನ ಗಣಿ ಧಣಿಗಳು ವಾರವಿಡೀ ಜನರನ್ನು ಬೆಟ್ಟದ ಹೊಟ್ಟೆಯೊಳಗೆ ಸಾಯಿಸಿ, ಭಾನುವಾರ ಬಂದು ಒಂದು ಇಗರ್ಜಿ ಕಟ್ಟಿಸಿ ದೇವರ ಬಾಯಿ ಮುಚ್ಚಿಸುತ್ತಿದ್ದರು. ಬೆಳ್ಳಿ ನಾಣ್ಯ ಹೊಡೆಯುತ್ತಿದ್ದ ಟಂಕಸಾಲೆಯ ಅಂಗಳದಲ್ಲಿ ಗೋಡೆಯ ಮೇಲೊಂದು ದೊಡ್ಡ ಮುಖ ಈಗಲೂ ಹಲ್ಲು ಕಿರಿಯುತ್ತಿದೆ. ಅದು ಯಾರನ್ನು ನೋಡಿ ನಗುತ್ತಿದೆ ಎಂದು ಪಂಡಿತರು ಜಗಳವಾಡುತ್ತಾರೆ. ನಮ್ಮನ್ನು ನೋಡಿ, ಇನ್ಯಾರನ್ನು?

ಇಂಥ ಊರಿನಲ್ಲಿ ವಂಶದ ಜಂಬವಿಲ್ಲದ ಒಬ್ಬಳೇ ಒಬ್ಬ ಹೆಂಗಸನ್ನು ನಾನು ಕಂಡಿದ್ದೇನೆ. ನನ್ನ ಪಕ್ಕದ ಅಂಗಡಿಯ ಪ್ರಿಮಿತಿವಾ ವಿಲ್ಕಾ.

“ನಮ್ಮಪ್ಪ ಯಾರು ಅಂತ ನಂಗೊತ್ತು. ಕಲ್ಲು ಹೊತ್ತ, ಕೆಮ್ಮಿದ, ಸತ್ತ. ಮುಗೀತಲ್ಲ ವಂಶಾವಳಿ? ಸಾರು ಬೇಕೋ ಬೇಡ್ವೋ, ಬೇಗ ಹೇಳು,” ಎನ್ನುತ್ತಾಳೆ.

ನಾನು ನಿಕೊಲಾಸಾ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಆಪಿ ಮಾರುತ್ತೇನೆ. ನೇರಳೆ ಬಣ್ಣದ ಜೋಳವನ್ನು ದಾಲ್ಚಿನ್ನಿ ಹಾಕಿ ಕುದಿಸಿದ ಬಿಸಿ ಪಾನಕ ಅದು. ಚಳಿಗೆ ನಡುಗುವವರನ್ನು ಮನುಷ್ಯರನ್ನಾಗಿ ಮಾಡುತ್ತದೆ. ನನ್ನ ಪಕ್ಕದಲ್ಲೇ ಪ್ರಿಮಿತಿವಾಳ ಅಗ್ಗಿಷ್ಟಿಕೆ. ಅದರ ಹೊಗೆ ನನ್ನ ಕಣ್ಣಿಗೆ, ನನ್ನ ಗಿರಾಕಿಗಳ ಗಲಾಟೆ ಅವಳ ಕಿವಿಗೆ. ನಾವಿಬ್ಬರೂ ಮದುವೆಯಾಗಿದ್ದ ಗಂಡಂದಿರ ಜೊತೆ ಜಗಳವಾಡಿದ್ದಕ್ಕಿಂತ ಹೆಚ್ಚು ಪರಸ್ಪರ ಜಗಳವಾಡಿದ್ದೇವೆ, ಅದೂ ಅರ್ಧ ಸ್ಪಾನಿಷಿನಲ್ಲಿ ಅರ್ಧ ಕೆಚುವಾದಲ್ಲಿ. ಒಳ್ಳೆಯ ಬೈಗುಳಗಳೆಲ್ಲ ಕೆಚುವಾದಲ್ಲೇ ಇರುವುದು.

ಅವಳ ಸಾರಿನ ವಿಷಯ ಹೇಳಬೇಕು. ಜೋಳದ ಹಿಟ್ಟು ಕದಡಿದ ದಪ್ಪ ಸಾರು, ಹಳದಿ ಮೆಣಸಿನಕಾಯಿ, ಆಲೂಗಡ್ಡೆ, ಮೇಲೆ ಹುರಿದ ಹಂದಿಯ ತುಣುಕು. ಅದನ್ನು ಮಣ್ಣಿನ ಬಟ್ಟಲಿಗೆ ಹಾಕಿ, ಕೆಂಡದಲ್ಲಿ ಕಾದ ಕಲ್ಲೊಂದನ್ನು ಇಕ್ಕಳದಲ್ಲಿ ಹಿಡಿದು ಒಳಗೆ ಇಳಿಸುತ್ತಾಳೆ. ಬುಸ್ಸೆಂದು ಸಾರು ಎದ್ದು ಕುದಿಯುತ್ತದೆ, ತಿಂದು ಮುಗಿಸುವ ತನಕ ಕುದಿಯುತ್ತಲೇ ಇರುತ್ತದೆ. ಮೋಡಗಳನ್ನು ಕೆಳಗೆ ನೋಡುವಷ್ಟು ಎತ್ತರದಲ್ಲಿರುವ ಊರು ನಮ್ಮದು. ಕಲ್ಲಿಲ್ಲದಿದ್ದರೆ ಬಟ್ಟಲಿನಿಂದ ಬಾಯಿಗೆ ಬರುವಷ್ಟರಲ್ಲಿ ಸಾರು ತಣ್ಣಗಾಗಿರುತ್ತದೆ. ಒಮ್ಮೆ ರಾಜಧಾನಿಯಿಂದ ಬಂದ ಯಾವನೋ ಮಹಾಶಯ ಏದುಸಿರು ಬಿಡುತ್ತಾ ಕೂತು, ಕಲ್ಲನ್ನೇ ಚಮಚದಿಂದ ಕುಕ್ಕಿ, “ಇದಿನ್ನೂ ಬೆಂದಿಲ್ಲ” ಎಂದ. ಪ್ರಿಮಿತಿವಾ ಅವನ ಬಟ್ಟಲಿಗೆ ಇನ್ನೊಂದು ಕಲ್ಲು ಹಾಕಿದಳು. “ತಗೊಳ್ಳಿ ಸ್ವಾಮಿ, ಇದು ಎಳೇದು.”

ಅವಳು ಹುಟ್ಟಿದ್ದು ಬೆಟ್ಟದ ಇಳಿಜಾರಿನಲ್ಲೇ. ಊರಿನವರು ಸಿರಿಬೆಟ್ಟ ಎಂದು ಕೈ ಮುಗಿಯುವ ಆ ಬೆಟ್ಟವನ್ನು ಅವಳು ಮಣ್ಣಿನ ಗುಪ್ಪೆ ಎನ್ನುತ್ತಾಳೆ. ಗಣಿಯ ಬಾಯಲ್ಲಿ ಒಂದು ಕಲ್ಲಿನ ಗುಡಿಸಲು. ಅವಳ ತಾಯಿ ಅಲ್ಲಿ ಗಣಿಯವರ ಗುದ್ದಲಿ, ಹಾರೆ ಕಾಯುತ್ತಿದ್ದಳು. ತಾಯಿ ಮಗಳಿಬ್ಬರೂ ಹೊರಗೆ ಸುರಿದ ಕಲ್ಲುಗಳನ್ನು ಸುತ್ತಿಗೆಯಿಂದ ಒಡೆದು, ಗಂಡಸರ ಕಣ್ಣು ತಪ್ಪಿದ ಚೂರುಪಾರು ಅದಿರನ್ನು ಆರಿಸುತ್ತಿದ್ದರು. ಆಮೇಲೆ ಪ್ರಿಮಿತಿವಾ ಬಸೀಲಿಯೊ ಎಂಬ ಗಣಿಯವನನ್ನು ಮದುವೆಯಾದಳು. ಕಲ್ಲು ಕೊರೆಯುವ ಕೆಲಸ, ಒಳ್ಳೆಯ ಕಂಠ, ಕುಡಿದಾಗ ಇನ್ನೂ ಒಳ್ಳೆಯ ಕಂಠ. ಕಲ್ಲಿನ ಧೂಳು ಎದೆ ತುಂಬಿದ ಮೇಲೆ, ಮಗನ ಹುಟ್ಟುಹಬ್ಬದ ಮೋಂಬತ್ತಿಯನ್ನು ಊದಲೂ ಅವನಿಗೆ ಉಸಿರು ಸಾಲಲಿಲ್ಲ. ಅವನು ಸತ್ತಾಗ, “ಅರ್ಧ ಬೆಟ್ಟಾನೇ ಎದೇಲಿಟ್ಕೊಂಡು ಹೋದ ಕಳ್ಳ, ಅದಕ್ಕೇ ಹೆಣ ಅಷ್ಟು ಭಾರ,” ಎಂದು ತಮಾಷೆ ಮಾಡಿದಳು. ಹಾಗೆ ತಮಾಷೆ ಮಾಡುತ್ತಲೇ ಎರಡು ವರ್ಷ ಅತ್ತಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಆದ್ದರಿಂದ ಹೊಗೆಯ ವಿಷಯ ತೆಗೆದು ಜಗಳ ಶುರು ಮಾಡುತ್ತಿದ್ದೆ.

ಉಳಿದವನು ಒಬ್ಬ ಮಗ, ಲಿಂಬರ್ಟ್. ನೋಡಲು ಚೆಲುವ, ಕೆಲಸಕ್ಕೆ ಕಳ್ಳ, ಬೆರಳುಗಳು ಮಾತ್ರ ಬಂಗಾರ. ಅವನನ್ನು ಏನು ಬೇಕಾದರೂ ಮಾಡಿಯೇನು, ಗಣಿಯವನನ್ನು ಮಾತ್ರ ಮಾಡುವುದಿಲ್ಲ ಎಂದು ಪ್ರಿಮಿತಿವಾ ಗಂಡನ ಹೆಣದ ಮುಂದೆ ಆಣೆ ಹಾಕಿದ್ದಳು. ಅವನಿಗೆ ಕ್ಷೌರ ಕಲಿಸಿ, ಬಸ್ ನಿಲ್ದಾಣದ ಹತ್ತಿರ ಕುರ್ಚಿ ಕನ್ನಡಿ ಹಾಕಿಕೊಟ್ಟಳು. “ನನ್ನ ಮಗ ನುಗ್ಗಬೇಕಾದ ಸುರಂಗ ಅಂದ್ರೆ ಗಿರಾಕಿ ಕಿವಿ ಒಂದೇ,” ಎನ್ನುತ್ತಿದ್ದಳು.

ಸಾರಿನ ಕಲ್ಲು ಎಲ್ಲೆಂದರಲ್ಲಿ ಸಿಗುವುದಿಲ್ಲ. ಬಿಸಿನೀರಿನ ಬುಗ್ಗೆಗಳ ದಾರಿಯಲ್ಲಿ ಒಂದು ಒಣ ಹಳ್ಳವಿದೆ. ಅಲ್ಲಿನ ಕಪ್ಪು ಕಲ್ಲು ಎಷ್ಟು ಕಾಸಿದರೂ ಸಿಡಿಯುವುದಿಲ್ಲ. ವರ್ಷಕ್ಕೊಮ್ಮೆ ಪ್ರಿಮಿತಿವಾ ತಾನೇ ಹೋಗಿ, ಭೂಮಿತಾಯಿಗೆ ಒಂದು ಗುಟುಕು ಸಾರಾಯಿ ಸುರಿದು, ತಾನೊಂದು ಗುಟುಕು ಕುಡಿದು, ಚೀಲ ತುಂಬಿಕೊಂಡು ಬರುತ್ತಿದ್ದಳು. ಆ ವರ್ಷ ಅವಳ ಮಂಡಿ ಕೈಕೊಟ್ಟಿತು. ಮಗನನ್ನು ಕಳಿಸಿದಳು. ಬೈದು ಬೈದು ಕಳಿಸಿದಳು ಎನ್ನುವುದೇ ಸರಿ.

ಅವನು ಸಂಜೆ ಚೀಲ ತುಂಬಾ ಕಲ್ಲು ತಂದ. ಬಾಯಿಂದ ಸಾರಾಯಿಯ ವಾಸನೆ. ಕಲ್ಲುಗಳು ಯಾಕೋ ಬೂದುಬಣ್ಣಕ್ಕಿದ್ದವು. “ಹಳ್ಳದ ಆಚೆ ದಂಡೇಲಿ ಆರಿಸ್ದೆ ಕಣಮ್ಮ,” ಎಂದ. ಪ್ರಿಮಿತಿವಾ ಗೊಣಗಿದಳು, ಒಂದು ಸಲ ಎಲ್ಲವನ್ನೂ ಕೆಂಡಕ್ಕೆ ಹಾಕಿದಳು, ಸಿಡಿದದ್ದನ್ನು ಎಸೆದಳು, ಉಳಿದದ್ದನ್ನು ಸಾರಿಗೆ ಇಟ್ಟುಕೊಂಡಳು.

ಮೊದಲ ವಾರವೇ ಆ ಕಲ್ಲುಗಳಲ್ಲೊಂದು ಎವಾರಿಸ್ತೊನ ಬಟ್ಟಲಿಗೆ ಬಿತ್ತು. ಎವಾರಿಸ್ತೊ ಎಂದರೆ ಗಣಿ ಸಂಘದ ಒಂದು ತಂಡದ ಯಜಮಾನ. ಒಂದು ಕೆನ್ನೆಯಲ್ಲಿ ಯಾವಾಗಲೂ ಕೋಕಾ ಎಲೆಯ ಉಂಡೆ, ಬಾಯಲ್ಲೊಂದು ಚಿನ್ನದ ಹಲ್ಲು. ಬಸೀಲಿಯೊ ಸತ್ತು ವರ್ಷ ತುಂಬುವ ಮೊದಲೇ ಪ್ರಿಮಿತಿವಾಳನ್ನು ಮದುವೆಯಾಗು ಎಂದು ಕೇಳಿದ್ದ. “ಒಬ್ಬನ್ನ ಹೂತು ಸೊಂಟ ನೋಯ್ತಿದೆ, ಇನ್ನೊಬ್ಬನ್ನ ಹೂಳೋಕೆ ನನ್ ಕೈಲಾಗಲ್ಲಪ್ಪ,” ಎಂದಿದ್ದಳು. ಆದರೂ ಅವನು ದಿನಾ ಸಾರಿಗೆ ಬರುವುದನ್ನು ಬಿಟ್ಟಿರಲಿಲ್ಲ.

ಆ ದಿನ ಅವನು ಇನ್ನೇನು ಬಟ್ಟಲಿಗೆ ಬಾಗಬೇಕು, ಒಳಗೆ ಕಲ್ಲು ಢಬ್ಬೆಂದು ಸಿಡಿಯಿತು. ಸಾರೆಲ್ಲ ಅವನ ಮೀಸೆಗೆ, ಮೆಣಸಿನಕಾಯಿ ಕಣ್ಣಿಗೆ, ಹಂದಿಯ ತುಣುಕು ನನ್ನ ಆಪಿಗೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಎವಾರಿಸ್ತೊ ನಗಲಿಲ್ಲ, ಬೈಯಲೂ ಇಲ್ಲ. ಬಟ್ಟಲಲ್ಲಿ ಉಳಿದ ಕಲ್ಲಿನ ಹೋಳನ್ನು ಎತ್ತಿ ಕಣ್ಣೆದುರು ಹಿಡಿದ. ಒಡೆದ ಮೈಯಲ್ಲಿ ಒಂದು ಬಿಳಿಯ ಗೆರೆ ಮಿರಮಿರ ಮಿಂಚುತ್ತಿತ್ತು.

ಬೇರೆ ಊರಿನವರಾಗಿದ್ದರೆ ಅದನ್ನು ಎಸೆದು ಇನ್ನೊಂದು ಬಟ್ಟಲು ಸಾರು ಕೇಳುತ್ತಿದ್ದರು. ಆದರೆ ನಮ್ಮವರು ತಾಯಿಯ ಹಾಲಿನ ಜೊತೆಗೇ ಒಂದು ಕಥೆ ಕುಡಿದವರು. ಲಾಮಾ ಮಂದೆ ಕಾಯುವವನೊಬ್ಬ ತಪ್ಪಿಸಿಕೊಂಡ ಪ್ರಾಣಿಯನ್ನು ಹುಡುಕುತ್ತಾ ಬೆಟ್ಟ ಹತ್ತಿದನಂತೆ, ಚಳಿಗೆ ಬೆಂಕಿ ಹಾಕಿಕೊಂಡನಂತೆ, ಬೆಂಕಿಯ ಕೆಳಗಿನ ಕಲ್ಲಿನಿಂದ ಬೆಳ್ಳಿ ಕರಗಿ ಹರಿಯಿತಂತೆ. ಅದರಿಂದಲೇ ಈ ಊರು, ಈ ಇಗರ್ಜಿಗಳು, ಈ ವಿಧವೆಯರು. ಬೆಂಕಿ, ಕಲ್ಲು, ಮಿಂಚು ಈ ಮೂರೂ ಒಟ್ಟಿಗೆ ಕಂಡರೆ ಪೊಟೊಸಿಯವನ ಬುದ್ಧಿ ಟೋಪಿಯ ಜೊತೆ ಹಾರಿಹೋಗುತ್ತದೆ.

“ಬೆಟ್ಟ ತಾನಾಗೇ ಇಳಿದು ಬಂದಿದೆ,” ಎಂದ ಎವಾರಿಸ್ತೊ. ಅವನ ಮೀಸೆಯಿಂದ ಇನ್ನೂ ಸಾರು ತೊಟ್ಟಿಕ್ಕುತ್ತಿತ್ತು.

“ಮೊದ್ಲು ಮುಖ ಒರೆಸ್ಕೊಳೋ,” ಎಂದಳು ಪ್ರಿಮಿತಿವಾ.

ಮಾರನೆಯ ದಿನದಿಂದ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಹೊಟ್ಟೆನೋವಿನವರು, ಹಲ್ಲಿಲ್ಲದವರು, ಹಂದಿ ಮುಟ್ಟದವರು, ಎಲ್ಲರಿಗೂ ಕಲ್ಲಿನ ಸಾರೇ ಬೇಕು. ಅರ್ಧ ಸಾರು ಚೆಲ್ಲಿ ಕಲ್ಲನ್ನು ಜೇಬಿಗೆ ಇಳಿಸುವವರು, ಜೇಬು ಸುಟ್ಟು ಕುಣಿಯುವವರು. ಇಗರ್ಜಿಯ ಗಂಟೆ ಬಾರಿಸುವವನು ಕಲ್ಲನ್ನು ಟೋಪಿಯೊಳಗೆ ಅಡಗಿಸಿ ತಲೆಗಿಟ್ಟುಕೊಂಡ. ಆ ವಾರ ಗಂಟೆಗಳು ಯಾಕೋ ಹೊತ್ತಲ್ಲದ ಹೊತ್ತಿಗೆ ಹೊಡೆದುಕೊಂಡವು. ಸಾರು ಕುಡಿದು ಬಾಯಿ ಸುಟ್ಟವರು ನನ್ನ ಹತ್ತಿರ ಬರುತ್ತಿದ್ದರಿಂದ ನನಗೂ ಒಳ್ಳೆಯ ವ್ಯಾಪಾರ. ಈ ಹುಚ್ಚು ಬೇಗ ಬಿಡದಿರಲಿ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಪ್ರಿಮಿತಿವಾಳಿಗೆ ಮಾತ್ರ ಪಿತ್ತ ನೆತ್ತಿಗೇರಿತ್ತು. “ಸಾರು ಚೆನ್ನಾಗಿದೆ ಅಂತ ಒಬ್ಬ ಹೇಳಲ್ಲ ಕಣೇ ನಿಕೊಲಾಸಾ! ತಿನ್ನೋ ಮುಖಾನಾ ಇವು? ಎಲ್ಲಾ ಬಗ್ಗಿ ಬಗ್ಗಿ ಬಟ್ಲು ನೋಡ್ತವೆ.”

ಎವಾರಿಸ್ತೊ ಆ ಹೋಳನ್ನು ಯಾರಿಗೂ ಪರೀಕ್ಷೆಗೆ ಕೊಡಲಿಲ್ಲ. ನೇರ ಗಣಿಯೊಳಗೆ ಒಯ್ದು ಮಾವನ ಮುಂದಿಟ್ಟ. ಮಾವ ಎಂದರೆ ಸುರಂಗದ ಕತ್ತಲಲ್ಲಿ ಕೋಡು ಇಟ್ಟುಕೊಂಡು ಕೂತ ಮಣ್ಣಿನ ದೆವ್ವ. ಬಾಯಿಗೆ ಸಿಗರೇಟು, ತೊಡೆಗೆ ಸಾರಾಯಿ, ನಾಚಿಕೆಯಿಲ್ಲದ ಮೈ. ಮೇಲೆ ದೇವರ ರಾಜ್ಯ, ಒಳಗೆ ಮಾವನದು. ಮಾವನಿಗೆ ಒಪ್ಪಿಸುವ ಮೊದಲು ಅದಿರನ್ನು ಪರೀಕ್ಷಿಸಿದರೆ ಬೆಳ್ಳಿ ತವರವಾಗುತ್ತದೆ ಎಂದು ಗಣಿಯವರ ನಂಬಿಕೆ. ಇನ್ನೊಂದು ನಂಬಿಕೆಯೂ ಇದೆ: ಮಿಂಚಿನ ಕಲ್ಲನ್ನು ಬೆಟ್ಟ ಮೊದಲು ಯಾವನ ಕೈಗೆ ಎತ್ತಿ ಕೊಡುತ್ತದೋ ಅವನೇ ಅಲ್ಲಿ ಮೊದಲ ಹಾರೆ ಹಾಕಬೇಕು. ಬೇರೆಯವರು ಹಾಕಿದರೆ ಚಾವಣಿ ಕುಸಿಯುತ್ತದೆ.

ಕಲ್ಲು ಆರಿಸಿ ತಂದವನು ಲಿಂಬರ್ಟ್, ಆದ್ದರಿಂದ ಎವಾರಿಸ್ತೊ ಅವನ ಕ್ಷೌರದ ಕುರ್ಚಿಗೆ ಹೋಗಿ ಕೂತ. ಏನು ಕುಡಿಸಿದನೋ, ಏನು ಹೇಳಿದನೋ, ಗುರುವಾರ ಅಂಗಡಿ ಮುಚ್ಚುವ ಹೊತ್ತಿಗೆ ಲಿಂಬರ್ಟ್ ತಾಯಿಯ ಮುಂದೆ ಬಂದು ನಿಂತ. ತಲೆಯ ಮೇಲೆ ಹೊಸ ಹೆಲ್ಮೆಟ್ಟು.

“ಅಮ್ಮ, ಸೋಮವಾರದಿಂದ ಒಳಗೋಗ್ತಿದೀನಿ. ಎವಾರಿಸ್ತೊ ಮಾಮನ ತಂಡ.”

ಪ್ರಿಮಿತಿವಾ ಪಾತ್ರೆ ಉಜ್ಜುತ್ತಿದ್ದಳು. ತಲೆಯೆತ್ತಲಿಲ್ಲ. “ಆ ಮಡಕೆ ತೆಗೆದು ಕೆಳಗಿಡು. ಕೂದ್ಲು ಬೆವರುತ್ತೆ.”

“ತಮಾಷೆ ಅಲ್ಲಮ್ಮ. ಆ ಕಲ್ಲು ಹಳ್ಳದ್ದಲ್ಲ. ನಾನು ಅಷ್ಟು ದೂರ ಹೋಗ್ಲೇ ಇಲ್ಲ. ಬೆಟ್ಟದ ಬುಡದಲ್ಲಿ ಹುಡುಗ್ರು ಸಿಕ್ಕಿದ್ರು, ಕೂತ್ವಿ, ಕುಡಿದ್ವಿ. ಬರ್ತಾ ಅಲ್ಲೇ ಇಳಿಜಾರಲ್ಲಿ ತುಂಬ್ಕೊಂಡ್ ಬಂದೆ. ಜಾಗ ನಂಗೊಬ್ನಿಗೇ ಗೊತ್ತು. ಬೆಟ್ಟ ನನ್ ಕೈಗೆ ಕೊಟ್ಟಿದೆ.”

ಆಗ ಅವಳು ತಲೆಯೆತ್ತಿದಳು. “ಆ ಗುಪ್ಪೆ ಕಲ್ಲನ್ನ ನನ್ ಸಾರಿಗೆ ಹಾಕಿಸ್ದೆಯಾ?”

“ಅಮ್ಮ—”

“ನಿಮ್ಮಪ್ಪನ್ನ ತಿಂದ ಕಲ್ಲನ್ನ ನನ್ ಸಾರಿಗೆ?” ಸೌಟು ಬೀಸಿದಳು. ಹೆಲ್ಮೆಟ್ಟಿನ ಮೇಲೆ ಠಣ್ಣೆಂದಿತು. ಅವನಿಗೆ ಏನೂ ಆಗಲಿಲ್ಲ, ಸೌಟು ಬಾಗಿತು. ಅದನ್ನು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು.

“ನಾನೂರು ವರ್ಷ ಬೇರೆಯವ್ರು ತಿಂದ್ರು. ಈಗ ನಮ್ ಬಟ್ಲಿಗೇ ಬಂದಿದೆ. ಜೀವಮಾನ ಪೂರ್ತಿ ಕಂಡೋರ ತಲೆ ಬೋಳಿಸ್ಲಾ?” ಎಂದ ಲಿಂಬರ್ಟ್. “ನಾನೇನು ಸಾಯೋಕೆ ಹೋಗ್ತಿದೀನಾ?”

“ನಿಮ್ಮಪ್ಪನೂ ಅದನ್ನೇ ಅಂದಿದ್ದ. ಹಾಡಿನ ಥರ ಅಂದಿದ್ದ.”

ಇಪ್ಪತ್ತು ದಾಟಿದ ಗಂಡಸನ್ನು ಕಂಬಕ್ಕೆ ಕಟ್ಟಲಾಗುವುದಿಲ್ಲ. ಅವಳು ಅತ್ತಳು, ಶಪಿಸಿದಳು, ಅವನು ಕದಲಲಿಲ್ಲ. ಬೆಟ್ಟವೇ ಕರೆದಿದೆ ಎಂದುಕೊಂಡವನಿಗೆ ತಾಯಿಯ ಕೂಗು ಕೇಳೀತೇ? ಕೊನೆಗೆ ಅವಳು ಕಣ್ಣೊರೆಸಿಕೊಂಡು, ಹ್ಯಾಟು ಸರಿಮಾಡಿಕೊಂಡು, ವ್ಯಾಪಾರಿಯ ದನಿಯಲ್ಲಿ ಮಾತಾಡಿದಳು.

“ಪಂಥ ಕಟ್ತೀಯಾ? ಇನ್ನೂ ಅರ್ಧ ಚೀಲ ಕಲ್ಲಿದೆ. ನಾಳೆ ಎಲ್ಲರ ಮುಂದೆ ಒಂದೊಂದೇ ಒಡೀತೀನಿ. ಆ ಎವಾರಿಸ್ತೊನೇ ನೋಡ್ಲಿ. ಇನ್ನೊಂದ್ರಲ್ಲಿ ಮಿಂಚು ಕಂಡ್ರೆ, ನಿನ್ನ ಹಣೆಗೆ ಮುತ್ತಿಟ್ಟು ನಾನೇ ಒಳಗೆ ಕಳಿಸ್ತೀನಿ. ಕಾಣ್ಲಿಲ್ವೋ, ಆ ಮಡಕೆ ಬಿಸಾಕಿ ಕತ್ರಿ ಹಿಡೀಬೇಕು. ಮತ್ತೆ ಬೆಟ್ಟದ ಹೆಸ್ರು ಎತ್ತಬಾರ್ದು.”

“ಆಣೆ?” ಎಂದ ಅವನು. ಅವನಿಗೆ ಗೆದ್ದಷ್ಟೇ ಧೈರ್ಯ.

“ನಿಮ್ಮಪ್ಪನ ಮೇಲಾಣೆ.”

ಅವನು ಹೋದ ಮೇಲೆ ನಾನು ಅವಳ ತೋಳು ಹಿಡಿದು ಅಲ್ಲಾಡಿಸಿದೆ. “ತಲೆ ಕೆಟ್ಟಿದ್ಯೇನೇ ನಿಂಗೆ? ಒಂದ್ರಲ್ಲಿ ಇದ್ದಿದ್ದು ಇನ್ನೊಂದ್ರಲ್ಲಿ ಇರಲ್ವಾ? ಒಂದೇ ಜಾಗದ್ದು!”

“ನಮ್ಮಪ್ಪ ಹಲ್ಲು ಬೀಳೋ ತನಕ ಅಗೆದ, ಅವನಿಗೆ ಏನ್ ಕೊಡ್ತು ಆ ಗುಪ್ಪೆ? ನಂಗೆ ಒಂದು ಬೆಳಿಗ್ಗೇಲಿ ಕೊಟ್ಟುಬಿಡುತ್ತಾ? ಅದರ ಜಿಪುಣತನದ ಮೇಲೆ ನಂಗೆ ಪೂರಾ ನಂಬಿಕೆ ಇದೆ,” ಎಂದಳು. ಆದರೆ ಅಗ್ಗಿಷ್ಟಿಕೆಯ ಬೂದಿ ತೆಗೆಯುವಾಗ ನಾಳೆಗೆ ಉಳಿಸಬೇಕಾದ ಕೆಂಡವನ್ನೂ ಬೂದಿಯ ಜೊತೆಗೇ ಚೆಲ್ಲಿಬಿಟ್ಟಳು. ನನಗೆ ಭಯವಾಯಿತು.

ಶುಕ್ರವಾರ ಬೆಳಿಗ್ಗೆ ಓಣಿಯಲ್ಲಿ ಜಾತ್ರೆ. ಬೀದಿಗಳನ್ನು ಗಾಳಿಯ ದಾರಿ ತಪ್ಪಿಸಲೆಂದೇ ಅಂಕುಡೊಂಕಾಗಿ ಕಟ್ಟಿದ್ದಾರೆ ಎನ್ನುತ್ತಾರೆ. ಗಾಳಿಯ ದಾರಿ ತಪ್ಪಿತೋ ಇಲ್ಲವೋ, ಆ ದಿನ ಜನರೆಲ್ಲ ದಾರಿ ಹುಡುಕಿಕೊಂಡು ಸರಿಯಾಗಿ ಬಂದಿದ್ದರು. ಎವಾರಿಸ್ತೊ ನ್ಯಾಯಾಧೀಶನ ಹಾಗೆ ಬೆಂಚಿನ ಮೇಲೆ ಕೂತ. ಲಿಂಬರ್ಟ್ ಅವನ ಪಕ್ಕದಲ್ಲಿ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ನಿಂತ. ಪ್ರಿಮಿತಿವಾ ತನ್ನ ಗಿಡ್ಡ ಮಣೆಯ ಮೇಲೆ, ಒಂದರ ಮೇಲೊಂದು ತೊಟ್ಟ ಲಂಗಗಳನ್ನು ಹರಡಿಕೊಂಡು, ಅಗ್ಗಿಷ್ಟಿಕೆಗೂ ನನ್ನ ಆಪಿಯ ಕೊಳಗಕ್ಕೂ ನಡುವೆ ಕೂತಳು. ಕಲ್ಲುಗಳೆಲ್ಲ ಕೆಂಡದಲ್ಲಿದ್ದವು. ಕಾದ ಕಲ್ಲಿಗೆ ತಣ್ಣೀರು ಚಿಮುಕಿಸಿ ಒಂದೇಟು ಹಾಕಿದರೆ ನೀಟಾಗಿ ಹೋಳಾಗುತ್ತದೆ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಮಾಡಿದ ಕೆಲಸ.

ಮೊದಲ ಕಲ್ಲು. ನೀರು, ಹಬೆ, ಸುತ್ತಿಗೆ. ಇಕ್ಕಳದಲ್ಲಿ ಎತ್ತಿ ಎವಾರಿಸ್ತೊನ ಮೂಗಿನ ಹತ್ತಿರ ಹಿಡಿದಳು.

“ಏನ್ ಕಾಣುತ್ತೆ ಯಜಮಾನ್ರೇ?”

“ಕಲ್ಲು.”

“ಸರಿಯಾಗಿ ನೋಡು. ನಿನ್ನ ಹಲ್ಲಿನ ಹೊಳಪು ಬಿದ್ದೀತು.”

ಜನ ನಕ್ಕರು. ಎರಡನೆಯದು, ಮೂರನೆಯದು. ಕಲ್ಲು, ಕಲ್ಲು. ಪ್ರತಿ ಏಟಿಗೂ ಅವಳ ನಾಲಿಗೆ ಹರಿತವಾಗುತ್ತಾ ಹೋಯಿತು. ಬೆಟ್ಟವನ್ನು ಬೈದಳು, ಬೆಟ್ಟಕ್ಕೆ ಬಂದ ಸ್ಪೇನಿನವರನ್ನು ಬೈದಳು, ಅವರನ್ನು ಓಡಿಸಿ ಅದೇ ಗುಂಡಿಯೊಳಗೆ ತಾವೇ ಹೋಗಿ ಬಿದ್ದ ನಮ್ಮವರನ್ನು ಇನ್ನೂ ಚೆನ್ನಾಗಿ ಬೈದಳು. “ತುದೀಲಿ ತೂತು ಬಿದ್ದು ಒಳಗೇ ಕುಸೀತಿದೆ ಆ ಮುದಿ ಗುಪ್ಪೆ. ಸಿಮೆಂಟ್ ಹಾಕಿ ಮುಚ್ಚಿದ್ರಂತೆ, ಹಲ್ಲು ಹುಳುಕಾದ್ರೆ ತುಂಬ್ತಾರಲ್ಲ ಹಂಗೆ. ಅದನ್ನೇ ನಂಬ್ಕೊಂಡು ಅದನ್ನೇ ಮದುವೆ ಆಗ್ತಾನಂತೆ ನನ್ ಮಗ!” ಲಿಂಬರ್ಟ್‌ನ ಕಿವಿ ಕೆಂಪಾದವು. ಬೇಸರ ಬಂದ ಜನ ಒಬ್ಬೊಬ್ಬರಾಗಿ ಕದಲತೊಡಗಿದರು. ಕೆಲವರು ನನ್ನ ಹತ್ತಿರ ಆಪಿ ಕೇಳಿದರು. ನಾನು ಲೋಟ ತುಂಬಲು ಬಗ್ಗಿದೆ.

ಬಗ್ಗಿದ್ದರಿಂದಲೇ ನೋಡಿದೆ. ಇನ್ನು ಕೆಲವೇ ಕಲ್ಲುಗಳು ಉಳಿದಿದ್ದವು. ಅವಳು ಒಂದನ್ನು ಕೆಂಡದಿಂದ ಎತ್ತಿದ್ದಳು ಅಷ್ಟೇ; ನೀರು ತಾಗುವ ಮೊದಲೇ ಇಕ್ಕಳದಲ್ಲಿ ಟಪ್ಪೆಂದು ಎರಡಾಯಿತು. ಒಂದು ಹೋಳು ಕೆಂಡಕ್ಕೆ ಬಿತ್ತು. ಇಕ್ಕಳದಲ್ಲಿ ಉಳಿದ ಹೋಳಿನ ಮೈತುಂಬಾ, ಎವಾರಿಸ್ತೊನ ಬಟ್ಟಲಿನಲ್ಲಿ ಕಂಡದ್ದಕ್ಕಿಂತ ದಪ್ಪಗೆ, ಬೆಳ್ಳಗೆ, ಒಂದು ಗೆರೆ.

ಎವಾರಿಸ್ತೊ ಆಗ ಸಿಗರೇಟಿಗೆ ಬೆಂಕಿ ಹಚ್ಚಲು ಗಾಳಿಗೆ ಅಡ್ಡ ತಿರುಗಿದ್ದ. ಲಿಂಬರ್ಟ್ ನೆಲ ನೋಡುತ್ತಿದ್ದ. ಪ್ರಿಮಿತಿವಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಕ್ಕಳವನ್ನು ಕೆಳಗಿಳಿಸಿ, ಲಂಗಗಳ ಅಂಚು ಎತ್ತಿ, ಆ ಸುಡುವ ಕಲ್ಲನ್ನು ಮಣೆಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟಳು.

ಅವಳು ನನ್ನ ಕಡೆ ಒಮ್ಮೆ ನೋಡಿದಳು. ಅಷ್ಟು ವರ್ಷ ಜಗಳವಾಡಿದವರಿಗೆ ಮಾತು ಬೇಕಾಗುವುದಿಲ್ಲ.

“ಮುಂದಿಂದು!” ಎಂದಳು, ಇನ್ನೊಂದು ಕಲ್ಲನ್ನು ಎತ್ತುತ್ತಾ. ದನಿ ಸ್ವಲ್ಪ ಎತ್ತರವಾಗಿತ್ತು, ಅಷ್ಟೇ. ನೀರು, ಹಬೆ, ಸುತ್ತಿಗೆ. “ನೋಡಪ್ಪಾ ಎವಾರಿಸ್ತೊ, ಇದೇನು?”

“ಕಲ್ಲು.” ಅವನು ಮೂಗು ಅರಳಿಸಿದ. “ಏನೋ ಸುಡ್ತಿದೆಯಲ್ಲ? ಉಣ್ಣೆ ಸುಟ್ಟ ವಾಸ್ನೆ.”

ಅವಳ ಹಣೆಯಿಂದ ಬೆವರು ಹರಿಯುತ್ತಿತ್ತು, ಆ ಚಳಿಯಲ್ಲಿ. ಲಿಂಬರ್ಟ್ ತಲೆಯೆತ್ತಿ ತಾಯಿಯ ಕಡೆ ನೋಡತೊಡಗಿದ. ನಾನು ಬೇರೇನೂ ಯೋಚಿಸಲಿಲ್ಲ. ಆಪಿಯ ಕೊಳಗಕ್ಕೆ ಮೊಣಕೈ ಕೊಟ್ಟೆ. ಬೆಳಗಿನ ನನ್ನ ಇಡೀ ವ್ಯಾಪಾರ ಒಲೆಯ ಮೇಲೆ ಉರುಳಿತು. ಸಕ್ಕರೆ ಸುಟ್ಟ ನಾತ, ಬೂದಿ, ನೇರಳೆ ಬಣ್ಣದ ಹಬೆ. ಮುಂದಿದ್ದವರೆಲ್ಲ ಕೆಮ್ಮುತ್ತಾ ಹಿಂದೆ ಸರಿದರು.

“ನಿನ್ ಕಣ್ಣು ಹಿಂಗೋಗ ಎವಾರಿಸ್ತೊ!” ಎಂದು ನಾನು ಬೊಬ್ಬೆ ಹೊಡೆದೆ. “ನೀನು ಬಂದು ಕೂತಾಗಲೇ ಅನ್ಕೊಂಡೆ, ಇವತ್ತು ಏನೋ ಹಾಳಾಗುತ್ತೆ ಅಂತ! ನನ್ನ ಆಪಿ ಯಾರು ಕೊಡ್ತಾರೆ? ನಿನ್ ಮಾವ ಕೊಡ್ತಾನಾ?”

ಈ ಗದ್ದಲದಲ್ಲೇ ಪ್ರಿಮಿತಿವಾ ಉಳಿದ ಕಲ್ಲುಗಳನ್ನು ಒಡೆದಳು. ಪ್ರತಿಯೊಂದನ್ನೂ ಎತ್ತಿ ತೋರಿಸಿದಳು. ಕಲ್ಲು. ಕಲ್ಲು. ಕೊನೆಯದನ್ನು ತೋರಿಸುವಾಗ ಅವಳ ತುಟಿ ಬೆಳ್ಳಗಾಗಿತ್ತು, ಮಾತು ಮಾತ್ರ ಎಂದಿನಂತೆಯೇ ಇತ್ತು. “ಮುಗೀತಲ್ಲ? ಇಲ್ಲಾ ನನ್ ಹಲ್ಲೂ ಒಡೆದು ತೋರಿಸ್ಬೇಕಾ?”

ಎವಾರಿಸ್ತೊ ಕೋಕಾ ಎಲೆ ಉಗಿದ. “ಒಂದು ಮಿಂಚಿಗೆ ಬೆಟ್ಟ ನಂಬಕ್ಕಾಗಲ್ಲ,” ಎಂದು ಎದ್ದ. ಸೋತರೂ ಗತ್ತು ಬಿಡಲಿಲ್ಲ, ನಮ್ಮೂರಿನ ಗಂಡಸಲ್ಲವೇ. ಜನ ಚದುರಿದರು. ಹಿಂದಿನ ದಿನಗಳಲ್ಲಿ ಜೇಬು ಸುಟ್ಟುಕೊಂಡವರೆಲ್ಲ, ತಮಗೆ ಮೊದಲೇ ಗೊತ್ತಿತ್ತು ಎಂದು ಹೇಳಿಕೊಳ್ಳುತ್ತಾ ಹೋದರು.

ಲಿಂಬರ್ಟ್ ಹೆಲ್ಮೆಟ್ಟನ್ನು ಎವಾರಿಸ್ತೊನ ಕೈಗೆ ಕೊಟ್ಟ. ಅವನ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. “ಗೆದ್ದೆಯಲ್ಲಮ್ಮ. ಏಳು, ಮನೆಗೆ ಹೋಗೋಣ.”

“ನೀ ನಡಿ. ನಾನ್ ಸ್ವಲ್ಪ ಕೂತಿರ್ತೀನಿ. ನೋಡು, ಬಿಸಿಲು ಚೆನ್ನಾಗಿದೆ.”

ಬಿಸಿಲಿರಲಿಲ್ಲ. ಅವನು ಓಣಿಯ ತಿರುವು ದಾಟುವ ತನಕ ಅವಳು ಕೂತೇ ಇದ್ದಳು. ದಾಟಿದ ಮೇಲೆ ನನ್ನ ಹೆಗಲು ಕಚ್ಚಿ ಹಿಡಿದು ಎದ್ದಳು. ಕಚ್ಚಿದಳು ಎಂದರೆ ನಿಜವಾಗಿ ಕಚ್ಚಿದಳು, ಕೂಗು ಹೊರಗೆ ಬರದಿರಲೆಂದು. ಮೂರು ಲಂಗ ಸುಟ್ಟು ತೂತಾಗಿದ್ದವು, ಮಣೆ ಕರಕಲಾಗಿತ್ತು. ಉಳಿದದ್ದನ್ನು ನಾನು ಹೇಳುವುದಿಲ್ಲ, ನೀವು ಊಟ ಮಾಡುವ ಹೊತ್ತಿರಬಹುದು.

“ಬೆಳ್ಳೀನೇನೇ ಅದು?” ಎಂದು ನಾನು ಕಲ್ಲಿನ ಕಡೆ ತೋರಿಸಿ ಕೇಳಿದೆ. ಕೇಳದಿರಲು ಆಗಲಿಲ್ಲ, ನಾನೂ ಇದೇ ಊರಿನವಳು.

“ತಗೊಂಡೋಗಿ ಹಳ್ಳಕ್ಕೆ ಎಸಿ. ನೋಡಬೇಡ.”

ಎಸೆದೆ. ಬೆಂಕಿಯಲ್ಲಿ ಬಿದ್ದಿದ್ದ ಇನ್ನೊಂದು ಹೋಳನ್ನೂ ಕೆದಕಿ ತೆಗೆದು, ಎರಡನ್ನೂ ಒಟ್ಟಿಗೇ ಎಸೆದೆ. ಹಿಂತಿರುಗಿ ನೋಡಿದೆ ಎಂಬುದು ನಿಜ. ಎರಡು ಸಲ ನೋಡಿದೆ. ಆದರೆ ಎಸೆದೆ.

ಅವಳು ಬಹಳ ದಿನ ಬೋರಲಾಗಿ ಮಲಗಿದ್ದಳು. ಅಗ್ಗಿಷ್ಟಿಕೆಯ ಮೇಲೆ ಜಾರಿಬಿದ್ದೆ ಎಂದು ಮಗನಿಗೆ ಹೇಳಿದ್ದಳು. ಮುಲಾಮು ಹಚ್ಚಲು ನಾನೇ ಹೋಗುತ್ತಿದ್ದೆ. ಒಂದು ದಿನ ನಾನು ತಡವಾಗಿ ಹೋದೆ. ಅಷ್ಟರಲ್ಲಿ ಅವಳಿಗೆ ಜ್ವರವೇರಿ ಪ್ರಜ್ಞೆಯಿರಲಿಲ್ಲ, ಲಿಂಬರ್ಟ್ ತಾನೇ ಪಟ್ಟಿ ಬಿಚ್ಚಿ ಗಾಯ ತೊಳೆಯುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಕೆಂಡದ ಮೇಲೆ ಬಿದ್ದರೆ ಮೈಯೆಲ್ಲ ಸುಡುತ್ತದೆ. ಅಲ್ಲಿ ಇದ್ದದ್ದು ಒಂದೇ ಗಾಯ. ಮುಷ್ಟಿಯಷ್ಟು, ಒಂದು ಕಡೆ ಉರುಟು, ಇನ್ನೊಂದು ಕಡೆ ಕತ್ತರಿಸಿದಂತೆ ನೇರ. ಅವನು ಬಟ್ಟೆಯನ್ನು ಕೈಯಲ್ಲೇ ಹಿಡಿದು ಅದನ್ನು ನೋಡುತ್ತಾ ನಿಂತಿದ್ದ. ಅವನ ಹೆಗಲು ಅಲುಗತೊಡಗಿತು. ನಾನು ಸದ್ದು ಮಾಡದೆ ಹೊರಗೆ ಬಂದು, ಅಂಗಳದಲ್ಲಿ ಕೂತು, ಮೂಗು ಒರೆಸಿ ಒರೆಸಿ ಶಾಲು ಒದ್ದೆ ಮಾಡಿಕೊಂಡೆ. ಇದರ ಬಗ್ಗೆ ಅವನು ತಾಯಿಯನ್ನು ಏನೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಅವಳು ಚೇತರಿಸಿಕೊಂಡ ಮೇಲೆ ಒಂದು ಶನಿವಾರ ನಾನು ಮೊಮ್ಮಗನ ಕೂದಲು ಕತ್ತರಿಸಿಸಲು ಲಿಂಬರ್ಟ್‌ನ ಅಂಗಡಿಗೆ ಹೋಗಿದ್ದೆ. ಕುರ್ಚಿಯಲ್ಲಿ ಎವಾರಿಸ್ತೊ. ಕತ್ತಿನವರೆಗೆ ಬಿಳಿ ಬಟ್ಟೆ, ಮುಖ ತುಂಬಾ ನೊರೆ. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಒಂದ್ ಮಾತು ಹೇಳಪ್ಪ ಹುಡುಗ. ಪಂಥ ಗಿಂಥ ಎಲ್ಲ ಇರ್ಲಿ. ನೀನು ಬರ್ಬೇಡ, ನಾವೇ ಏನಾದ್ರೂ ಪೂಜೆ ಮಾಡಿ ಮಾವನ್ನ ಒಪ್ಪಿಸ್ಕೊಳ್ತೀವಿ. ಆ ಚೀಲದ ಕಲ್ಲು ಎಲ್ಲಿ ತುಂಬ್ದೆ? ಜಾಗ ಒಂದ್ ತೋರ್ಸು, ಸಾಕು. ನಿಂಗೂ ಪಾಲು.”

ಲಿಂಬರ್ಟ್ ಅವನ ಗಲ್ಲವನ್ನು ಎರಡು ಬೆರಳಿನಿಂದ ಮೇಲೆತ್ತಿದ. ಗಂಟಲಿನ ಮೇಲೆ ಕತ್ತಿಯನ್ನು ಮೆಲ್ಲಗೆ ಇಟ್ಟ.

“ಮರ್ತೋಯ್ತು ಮಾಮ. ಅವತ್ತು ತುಂಬಾ ಕುಡಿದಿದ್ದೆ,” ಎಂದ. “ಅಲುಗಬೇಡ.”

ಎವಾರಿಸ್ತೊ ಅಲುಗಲಿಲ್ಲ. ಲಿಂಬರ್ಟ್ ಕೆಳಗಿನಿಂದ ಮೇಲಕ್ಕೆ, ಒಂದೂ ಗೀರು ಬೀಳದಂತೆ, ನಿಧಾನವಾಗಿ ಗಡ್ಡ ಹೆರೆದ.